ಹಿತ್ತಲ ಸಾಸಿವೆ

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಈ ಹಿತ್ತಲಿಗೆ ಹೊಂದುವುದಿಲ್ಲ. ಇಲ್ಲಿನ ಸಾಸಿವೆ ಮಣ್ಣಿಗೆ ಮದ್ದು, ತಿಂದವರಿಗೆ ವಿಷ. ಹಿತ್ತಲಿನ ಒಡತಿ ಟೈಲರಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳ ಅಪ್ಪ ಬದುಕಿದ್ದಷ್ಟು ಕಾಲ ಹಳೇ ಬ್ಯಾಟರಿ ಒಡೆದು, ಸೀಸ ಕರಗಿಸಿ ಮಾರಿದ್ದು ಇದೇ ಜಾಗದಲ್ಲಿ. ಅಪ್ಪ ಹೋದ ಮೇಲೆ ಪರೀಕ್ಷೆ ಮಾಡಿಸಿದರೆ ಮಣ್ಣಿನ ತುಂಬ ಸೀಸ.

"ಸಾಸಿವೆ ಬಿತ್ತಿ. ಬೇರು ಸೀಸಾನ ಎಳ್ಕೊಂಡು ಎಲೆಗೆ ತುಂಬುತ್ತೆ. ಬೇರು ಸಮೇತ ಕಿತ್ತು ಚೀಲದಲ್ಲಿ ಕಟ್ಟಿಡಿ, ನಮ್ಮ ಗಾಡಿ ಬಂದು ತಗೊಂಡು ಹೋಗುತ್ತೆ. ಇದನ್ನ ಯಾರೂ ತಿನ್ನಬಾರದು ಅಂತ ಬೇಲಿಗೊಂದು ಬೋರ್ಡ್ ಹಾಕೋದು ಮಾತ್ರ ಮರೀಬೇಡಿ," ಎಂದಿದ್ದ ಮಣ್ಣು ಪರೀಕ್ಷೆಯವನು.

ಎಲ್ಲ ಮಾಡಿದಳು, ಬೋರ್ಡೊಂದನ್ನು ಬಿಟ್ಟು. ಬೀದಿಗೆಲ್ಲ ಧರ್ಮಾತ್ಮ ಅನ್ನಿಸಿಕೊಂಡಿದ್ದ ಅಪ್ಪನ ಹೆಸರಿಗೆ ಸ್ವಂತ ಮಗಳೇ ಮಸಿ ಬಳಿಯುವುದೇ? ಪಕ್ಕದ ಮನೆಯ ದೊಡ್ಡಮ್ಮ ಬೇಲಿಯಾಚೆಯಿಂದ "ಏನೇ ಇದು, ಇಷ್ಟೊಂದು ಸಾಸಿವೆ?" ಅಂದದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗಾಬರಿಬಿದ್ದು, "ನೆಲ ಬರಿದಾಗಿರಬಾರದು ಅಂತ, ಅಷ್ಟೇ" ಎಂದುಬಿಟ್ಟಳು.

ಇವತ್ತು ಬೆಳಿಗ್ಗೆ ದೊಡ್ಡಮ್ಮ ತಟ್ಟೆ ಮುಚ್ಚಿದ ಬಟ್ಟಲು ಹಿಡಿದು ಬಂದರು.

"ನಿನ್ನ ಸೊಪ್ಪೇ ಕಣೇ. ಕಿತ್ತು ಕಿತ್ತು ಮೂಟೆ ಕಟ್ಟಿ ಬಿಸಾಕ್ತೀಯಲ್ಲ, ಹೊಟ್ಟೆ ಉರೀತು. ಬೇಲಿಯಿಂದ ಕೈ ಹಾಕಿ ಕಿತ್ಕೊಂಡೆ, ಬೈಕೋಬೇಡ. ಬಸುರಿ ಸೊಸೆಗೆ ಏನು ಮಾಡಿದ್ರೂ ಸೇರ್ತಿರ್ಲಿಲ್ಲ. ಇದೊಂದನ್ನ ಮಾತ್ರ ವಾರದಿಂದ ತಿಂತಿದ್ದಾಳೆ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಟೈಲರಮ್ಮನಿಗೆ. ಬಟ್ಟಲು ಕಿತ್ತುಕೊಂಡಳು. ಅದರಲ್ಲಿ ಎಂಥ ವಿಷವಿದೆ, ಅದು ಎಲ್ಲಿಂದ ಬಂತು, ಎಲ್ಲ ತೊದಲುತ್ತ ಹೇಳಿದಳು. ತನಗೆ ಯಾವಾಗಿನಿಂದ ಗೊತ್ತು ಎಂಬುದನ್ನು ಮಾತ್ರ ನುಂಗಿಕೊಂಡಳು. ಸೊಸೆಯನ್ನು ಕರೆದುಕೊಂಡು ಮೂವರೂ ಸಿಕ್ಕ ಆಟೋ ಹತ್ತಿ ಆಸ್ಪತ್ರೆಗೆ ಓಡಿದರು.

ಸೊಸೆಯ ರಕ್ತ ತೆಗೆಸಿ ಡಾಕ್ಟರು ಹೇಳಿದರು: "ರಿಪೋರ್ಟ್ ಬರೋವರೆಗೂ ಮಗು ವಿಷಯ ಏನೂ ಹೇಳೋಕಾಗಲ್ಲ. ಮಣ್ಣಲ್ಲಿ ಸೀಸ ಇರೋದು ನಿಮಗೆ ಯಾವಾಗ ಗೊತ್ತಾಯ್ತು?"

ಕೇಳಿದ್ದು ಟೈಲರಮ್ಮನನ್ನು. ಬಾಯಿ ಹಾಕಿದ್ದು ದೊಡ್ಡಮ್ಮ. "ಅವಳನ್ಯಾಕೆ ಕೇಳ್ತೀರಿ ಡಾಕ್ಟ್ರೇ? ಪಾಪ, ಅವಳಿಗೂ ಈಗಷ್ಟೇ ಗೊತ್ತಾಗಿರೋದು. ಗೊತ್ತಾದ ತಕ್ಷಣ ನಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದ್ಲು. ಹೊಟ್ಟೇಲಿ ಹುಟ್ಟಿದ ಮಗಳೂ ಇಷ್ಟು ಮಾಡಲ್ಲ."

ಸುಮ್ಮನಿದ್ದರೆ ಸಾಕಿತ್ತು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಈ ಹೊಗಳಿಕೆಯನ್ನು ತಡೆಯುವುದು ಅವಳಿಂದಾಗಲಿಲ್ಲ. ನಾಚಿಕೆಯಿಂದ ಮುಖವೆಲ್ಲ ಸುಡುತ್ತಿತ್ತು.

"ಇಲ್ಲ ದೊಡ್ಡಮ್ಮ," ಎಂದಳು ನೆಲ ನೋಡುತ್ತ. "ಬಿತ್ತೋಕೆ ಮುಂಚೇನೇ ಗೊತ್ತಿತ್ತು. ಗೊತ್ತಿದ್ದಕ್ಕೇ ಬಿತ್ತಿದ್ದು. ಅಪ್ಪನ ಮರ್ಯಾದೆ ಹೋಗುತ್ತೆ ಅಂತ ನಿಮಗೆ ಹೇಳ್ಲಿಲ್ಲ."

ದೊಡ್ಡಮ್ಮ ಬೈಯುತ್ತಾರೆ ಎಂದು ಕಾದಳು. ಅವರು ಸೊಸೆಯ ಕಡೆ ತಿರುಗಿದರು.

"ಸಾಕು ಸಾಕು ಅಂತಿದ್ದೆ ನೀನು," ಎಂದರು. "ನಾನೇ ಕೇಳದೆ ಇನ್ನೊಂದು ಸೌಟು ಬಡಿಸಿದೆನಲ್ಲೇ."