ಹೊರ್ತಿಯಲ್ಲಿ ಕೆಂಪಾದ ವಾಲ್ವು

೨೦೨೪ರ ಫೆಬ್ರವರಿ ಹನ್ನೊಂದು, ಭಾನುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಇಂಡಿ ಪಟ್ಟಣದ ಸಿಂದಗಿ ರಸ್ತೆಯಲ್ಲಿದ್ದ ಫರಹತಳ ರಿಪೇರಿ ಅಂಗಡಿಯಲ್ಲಿ ಫ್ಯಾನು ಮೈಮುರಿಯುತ್ತ ತಿರುಗುತ್ತಿತ್ತು. ಅದು ತೋಟಗಳಿಗೆ ತ್ರೀ ಫೇಸ್ ಕರೆಂಟು ಕೊಡುವ ಹೊತ್ತು. ದ್ರಾಕ್ಷಿ, ಕಬ್ಬಿನ ಪಂಪುಗಳೆಲ್ಲ ಒಟ್ಟಿಗೆ ಎಳೆಯತೊಡಗಿದರೆ ಊರಿನ ಕರೆಂಟು ಬಡವಾಗುತ್ತದೆ. ಫರಹತ ಮೀಟರಿನ ಕಡ್ಡಿಗಳನ್ನು ಪ್ಲಗ್ಗಿಗೆ ಚುಚ್ಚಿ ನೋಡಿದಳು. ಇರಬೇಕಾದದ್ದು ಇನ್ನೂರ ಮೂವತ್ತು ವೋಲ್ಟ್. ಇದ್ದದ್ದು ಇನ್ನೂರ ನಾಲ್ಕು.

ಮೇಜಿನ ಮೇಲೆ ಬೆನ್ನು ಬಿಚ್ಚಿದ ಗಿಟಾರ್ ಆಂಪ್ಲಿಫೈಯರ್ ಇತ್ತು. ಎದುರಿನ ಸ್ಟೂಲಿನ ಮೇಲೆ ಅದರ ಧಣಿ, ಇಂಗಳೇಶ್ವರದ ಸಿದ್ದರಾಯ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮುದ್ದೇಬಿಹಾಳದ ಆರ್ಕೆಸ್ಟ್ರಾ ಒಂದರಲ್ಲಿ ಬಾರಿಸುತ್ತ ಅವನ ತಲೆ ನರೆತಿತ್ತು. ಹೋದ ತಿಂಗಳು ಎರಡು ಮದುವೆಗಳಲ್ಲಿ ಈ ಪೆಟ್ಟಿಗೆ ಹಾಡಿನ ನಡುವೆಯೇ ಸತ್ತಿತ್ತು.

"ಇವತ್ತ ಸಂಜಿಗಿ ಹೊರ್ತ್ಯಾಗ ಕಾರ್ಯಕ್ರಮ ಐತಿ, ತಂಗಿ. ಇನ್ನೊಮ್ಮಿ ನಿಂತ್ರ ಗಿಟಾರ ಮನ್ಯಾಗ ಇಟ್ಟು ಕುಂದ್ರು ಅಂದಾನ ಬಂದೇನವಾಜ."

"ಆರ್ಕೆಸ್ಟ್ರಾ ಮಾಲಕರಲ್ಲೇನ್ರಿ, ಹಂಗ ಅಂತಾರ."

"ಅವನ ತಪ್ಪೇನೈತಿ? ಅಮಿತನ ಕೀಬೋರ್ಡಿನ್ಯಾಗ ಗಿಟಾರ ಐತಂತ, ಸಾರಂಗಿ ಐತಂತ, ಶಹನಾಯಿ ಐತಂತ. ಹೇಂತಿ ಒಬ್ಬಾಕಿ ಇಲ್ಲ ನೋಡು ಅದರಾಗ."

ಫರಹತ ನಕ್ಕು ಎರಡು ಜೊತೆ ವಾಲ್ವುಗಳನ್ನು, ಧ್ವನಿಗೆ ಬಲ ಕೊಡುವ ಗಾಜಿನ ಬುರುಡೆಗಳನ್ನು, ಅವನ ಮುಂದಿಟ್ಟಳು. ಒಂದು ಜೊತೆ ಹೊಸದು, ಡಬ್ಬಿಯೊಳಗಿನದು. ಇನ್ನೊಂದು ಸಿಂದಗಿಯಲ್ಲಿ ಮುಚ್ಚಿಹೋದ ಟೆಂಟ್ ಸಿನಿಮಾದ ಸೌಂಡ್ ಸೆಟ್ಟಿನಿಂದ ಕಿತ್ತಿಟ್ಟದ್ದು. ಗಾಜಿನ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಹೊಸವು ಗಟ್ಟಿ, ಏಟು ತಿನ್ನುತ್ತವೆ. ಹಳೆಯವು ಇನ್ನೂ ಸರಿಜೋಡಿಯಾಗಿದ್ದವು, ಆದರೆ ಸವೆದಿದ್ದವು. ಒಂದಾದ ಮೇಲೊಂದು ಜೊತೆ ಹಾಕಿ ಬಾರಿಸಿ ನೋಡಲು ಹೇಳಿದಳು. ಹೊಸದರಲ್ಲಿ ತಂತಿ ತಗಡು ಬಡಿದಂತೆ ಕೇಳಿತು. ಹಳೆಯದರಲ್ಲಿ ಸ್ವರಕ್ಕೆ ಮೈ ತುಂಬಿತು.

"ಇದ. ಇದು ನನ್ನ ಧ್ವನಿ."

"ಹೊಸಾವು ತಡೀತಾವ್ರಿ ಕಾಕಾ."

"ತಡದು ಏನ್ ಮಾಡೂದು? ತಗಡಿನ ಗಿಟಾರ ಅಮಿತಂದೂ ಐತಿ."

ಫರಹತ ಹಳೆಯ ಜೊತೆಯನ್ನೇ ಕೂಡಿಸಿ ಬಯಾಸ್ ತಿರುಪಿಗೆ ಸ್ಕ್ರೂಡ್ರೈವರ್ ಇಟ್ಟಳು. ಯಾರೂ ಬಾರಿಸದೆ ಸುಮ್ಮನಿರುವಾಗಲೂ ವಾಲ್ವಿನೊಳಗೆ ಒಂದಿಷ್ಟು ಕರೆಂಟು ಹರಿಯುತ್ತಿರಬೇಕು. ಎಷ್ಟೆಂಬುದನ್ನು ಆ ತಿರುಪು ಹೇಳುತ್ತದೆ. ಕಡಿಮೆಯಾದರೆ ಧ್ವನಿ ಸೊರಗುತ್ತದೆ. ಹೆಚ್ಚಾದರೆ ಒಳಗಿನ ಬೂದು ತಗಡು ಕಾದು ಕೆಂಪಾಗಿ ವಾಲ್ವು ತನ್ನನ್ನೇ ಸುಟ್ಟುಕೊಳ್ಳುತ್ತದೆ. ಲೈನನ್ನು ಇನ್ನೂರ ಮೂವತ್ತಕ್ಕೆ ಏರಿಸಿಕೊಂಡು ಅಳೆಯುವುದು ಸರಿಯಾದ ಕ್ರಮ, ಆದರೆ ಅದಕ್ಕೆ ಬೇಕಾದ ವೇರಿಯಾಕ್ ಸುಟ್ಟು ಮೂಲೆಯಲ್ಲಿ ಬಿದ್ದಿತ್ತು. ಬಿ.ಎಸ್ಸಿ.ಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು ಹಾಳೆಯ ಮೇಲೆ ಲೆಕ್ಕ ಹಾಕಿದಳು. ರಾತ್ರಿ ಲೈನು ಏರಿದರೆ ಇದೂ ಏರುತ್ತದೆ, ಹಾಗಾಗಿ ಈ ಬಡ ಕರೆಂಟಿನಲ್ಲಿ ಇಪ್ಪತ್ತೆಂಟು ಮಿಲಿಆಂಪಿಗಿಂತ ಮೇಲೆ ಹೋಗಕೂಡದು. ಅಲ್ಲಿಗೇ ನಿಲ್ಲಿಸಿದಳು.

ಸಿದ್ದರಾಯ ಬಾರಿಸಿದ. ಅವನ ಮುಖ ಇಳಿಯಿತು.

"ಜ್ವರಾ ಬಂದು ಎದ್ದಾಂವ ಮಾತಾಡಿದಂಗ ಆತಲ್ಲ ತಂಗಿ."

"ರಾತ್ರಿ ಕರೆಂಟ್ ಏರತೈತ್ರಿ. ಆಗ ಸರಿ ಆಗತೈತಿ."

"ಆಗದಿದ್ರ? ಇದನ್ನ ತಗೊಂಡು ಹೆಂಗ ಏರ್ಲಿ ನಾ ಸ್ಟೇಜ? ಒಂಚೂರು ಎತ್ತವಾ."

ಅವಳು ಒಂಚೂರು ಎತ್ತಿದಳು. ಅವನು ಕಣ್ಣು ಮುಚ್ಚಿ ಬಾರಿಸಿ, "ಇನ್ನೊಂಚೂರು" ಎಂದ. ಮೀಟರು ಮೂವತ್ತೆಂಟು ತೋರಿಸುವಾಗ ಅಂಗಡಿಯ ತುಂಬ ಆ ಸ್ವರ ನಿಂತಿತು. ಕರೆಂಟು ಎಷ್ಟಕ್ಕೆ ಏರೀತು ಎಂಬ ಪ್ರಶ್ನೆ ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿ ಅದನ್ನು ನುಂಗಿದಳು.

"ವಾಲ್ವಿನ ತಗಡು ಕೆಂಪಾತಂದ್ರ ಆವಾಗಿಂದಾವಾಗ ಸ್ವಿಚ್ ಬಂದ್ ಮಾಡ್ರಿ ಕಾಕಾ. ಹಾಡು ಗೀಡು ನೋಡಬ್ಯಾಡ್ರಿ."

"ಆತು ಬಿಡವಾ," ಎಂದು ಅವನು ಪೆಟ್ಟಿಗೆ ಹೊತ್ತು ನಡೆದ.

ಆರು ಗಂಟೆಗೆ ತೋಟಗಳ ತ್ರೀ ಫೇಸ್ ಹೋಯಿತು. ಅಂಗಡಿಯ ಫ್ಯಾನು ಒಮ್ಮೆಲೇ ಬೀಸತೊಡಗಿತು, ಬಲ್ಬು ಬೆಳ್ಳಗಾಯಿತು. ಫರಹತ ತಲೆಯೆತ್ತಿ ಅದನ್ನೇ ನೋಡಿದಳು. ಸಿದ್ದರಾಯನಿಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಮೊಬೈಲಿನ ಗರಗರ ಗಿಟಾರಿಗೆ ಬಡಿಯುತ್ತದೆಂದು ಅವನು ಕಾರ್ಯಕ್ರಮಕ್ಕೆ ಮೊದಲೇ ಅದನ್ನು ಮುಚ್ಚಿಡುವುದು ಅವಳಿಗೆ ಗೊತ್ತಿತ್ತು. ಮೀಟರನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟಿಯನ್ನು ಹೊರ್ತಿಯ ದಾರಿಗೆ ಹಚ್ಚಿದಳು.

ಮದುವೆ ಮನೆಯ ಪೆಂಡಾಲಿಗೆ ಊರಿನ ಲೈನಿನಿಂದಲೇ ಕರೆಂಟು ಎಳೆದಿದ್ದರು. ಲೈಟು ಹೋದರೆ ಇರಲೆಂದು ತಂದ ಜನರೇಟರ್ ಬದಿಯಲ್ಲಿ ಸುಮ್ಮನೆ ನಿಂತಿತ್ತು. ಫರಹತ ಸ್ಟೇಜಿನ ಹಿಂದಿನಿಂದ ಏರಿದಳು. ಎಡಗಡೆಯ ವಾಲ್ವಿನ ತಗಡಿನಲ್ಲಿ, ಒಲೆಯ ಮೇಲೆ ಮರೆತ ತವೆಯ ತಳದಂತೆ, ಕೆಂಪು ಮೂಡಿ ಹರಡುತ್ತಿತ್ತು. ಬಗ್ಗಿ ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

ಸಿದ್ದರಾಯ ತಿರುಗಿ ನೋಡಿದ. ಬೆರಳು ನಿಲ್ಲಿಸದೆ ಬೇಡವೆಂದು ತಲೆಯಾಡಿಸಿದ.

"ಕೆಂಪಾಗೇತ್ರಿ ಕಾಕಾ."

"ನೋಡೇನಿ. ಆಗಳೆ ನೋಡೇನಿ. ಹಾಡು ಮುಗೀಲಿ."

"ಒಳಗಿನ ಟ್ರಾನ್ಸ್‌ಫಾರ್ಮರ್ ಹೋಗತೈತ್ರಿ. ಹೋದ್ರ ಈ ಪೆಟಗಿ ಮತ್ತ ಏಳಂಗಿಲ್ಲ."

"ಈಗ ನಿಂತ್ರ ನಾನೂ ಏಳಂಗಿಲ್ಲ, ತಂಗಿ."

ಮಧ್ಯಾಹ್ನ ಮಣಿದಂತೆ ಈಗಲೂ ಮಣಿಯುತ್ತಿದ್ದೇನೆಂದು ಅವಳಿಗೆ ತಿಳಿದಿತ್ತು. ತಿಳಿದೇ ಬೆರಳು ತೆಗೆದಳು. ಹಾಡಿನ ಕೊನೆಯ ಚರಣವಷ್ಟೇ ಉಳಿದಿತ್ತು. ಮೊದಲು ಸುಟ್ಟ ವಾರ್ನಿಶಿನ ವಾಸನೆ ಬಂತು. ಆಮೇಲೆ ಗಿಟಾರು ಕಂಬಳಿಯೊಳಗಿನಿಂದ ಬಂದಂತೆ ಮಂಕಾಗಿ, ನಿಂತಿತು.

ಕೀಬೋರ್ಡಿನ ಅಮಿತ ತಲೆಯನ್ನೂ ಎತ್ತದೆ ಒಂದು ಗುಂಡಿ ಒತ್ತಿದ. ಅವನ ಪೆಟ್ಟಿಗೆಯಿಂದ ಗಿಟಾರು ಬಂತು. ಹಾಡು ಎಡವಲಿಲ್ಲ. ಮುಂದೆ ಕುಣಿಯುತ್ತಿದ್ದವರು ಕುಣಿಯುತ್ತಲೇ ಇದ್ದರು. ಒಬ್ಬರೂ ಇತ್ತ ತಿರುಗಲಿಲ್ಲ. ಸಿದ್ದರಾಯ ಹಾಡು ಮುಗಿಯುವವರೆಗೂ ಸತ್ತ ತಂತಿಗಳ ಮೇಲೆ ಬೆರಳಾಡಿಸಿದ.

ಬಂದೇನವಾಜ ಬೈಯಲಿಲ್ಲ. ಬಂದು ಸಿದ್ದರಾಯನ ಹೆಗಲ ಮೇಲೆ ಕೈಯಿಟ್ಟ.

"ಇಳೀರಿ ಕಾಕಾ. ಊಟಾ ಮಾಡ್ರಿ, ಹುಗ್ಗಿ ಬಿಸಿ ಐತಿ."

"ಮುಂದಿನ ಹಾಡಿಗಿ..."

"ಅಮಿತ ನೋಡ್ಕೋತಾನ. ನಾಳಿ ಬಾಗೇವಾಡಿ ಕಾರ್ಯಕ್ರಮಕ್ಕೂ ಅಂವನ ನೋಡ್ಕೋತಾನ. ನೀವು ಆರಾಮ ಇರ್ರಿ."

ಸಿದ್ದರಾಯ ಗಿಟಾರಿನ ಪಟ್ಟಿಯನ್ನು ಕತ್ತಿನಿಂದ ತೆಗೆದ. ಸ್ಟೇಜಿನ ಹಿಂದೆ, ಇನ್ನೂ ಬಿಸಿ ಕಾರುತ್ತಿದ್ದ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಕೇಳಿದ.

"ಮಧ್ಯಾಹ್ನ ಸರಿ ಇತ್ತಲ್ಲವಾ? ನನ್ನ ಕಿವಿ ತಪ್ಪಿತೇನು?"

"ಇಲ್ಲರಿ. ಕಿವಿ ತಪ್ಪಿಲ್ಲ. ಮೀಟರ್ ನನ್ನ ಕೈಯಾಗಿತ್ತು."

ಅವಳು ಚೀಲದಿಂದ ಮೀಟರು ತೆಗೆದು, ಆಂಪ್ಲಿಫೈಯರಿನ ವಯರು ಕಿತ್ತು, ಆ ಜಾಗಕ್ಕೆ ಕಡ್ಡಿಗಳನ್ನು ಚುಚ್ಚಿದಳು. ಮಧ್ಯಾಹ್ನ ಇನ್ನೂರ ನಾಲ್ಕಿದ್ದದ್ದು ಈಗ ಇನ್ನೂರ ಐವತ್ತೇಳು ವೋಲ್ಟ್.