ಅಂಗಡಿ ಮುಂದಿನ ಜಾಗ ಹಿಡಿದವರು

ಭಾನುವಾರ ಸಂಜೆ. ಅರ್ಧ ಇಳಿಸಿದ್ದ ಷಟರಿನ ಮೇಲೆ ಯಾರೋ ಮೂರು ಸಲ ಬಡಿದರು. ದರ್ಜಿ ಕತ್ತರಿ ಕೆಳಗಿಟ್ಟ. ಬಗ್ಗಿ ಒಳಬಂದವಳು ಅವನ ಅಕ್ಕನ ಮಗಳು; ಪಾರ್ಕಿಂಗ್ ಕಾವಲಿನ ಸಮವಸ್ತ್ರದಲ್ಲೇ ಇದ್ದಳು.

"ಮಾವ, ಅತ್ತೇನೂ ಕರೀರಿ," ಎಂದಳು. ಏಕೆಂದು ಹೇಳಲಿಲ್ಲ.

ಪಾರ್ಕಿಂಗ್ ಬಗ್ಗೆ ಅವಳಿಗೆ ದೂರು ಕೊಟ್ಟಿದ್ದವನು ದರ್ಜಿಯೇ. ಆ ಬೀದಿಯಲ್ಲಿ ಶನಿವಾರ, ಭಾನುವಾರ ಒಂದು ಗಾಡಿಗೆ ಒಂದೇ ಗಂಟೆ ಎಂಬ ನಿಯಮವಿತ್ತು. ಆದರೂ ಅಂಗಡಿಯೆದುರು ಜಾಗವೇ ಸಿಗುವುದಿಲ್ಲವೆಂದು ಗಿರಾಕಿಗಳು ಫೋನಿನಲ್ಲಿ ಗೊಣಗುತ್ತಿದ್ದರು. ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಕ್ಕೆ ತಲೆಬಗ್ಗಿಸಿ ಕೂರುವ ದರ್ಜಿಗೆ ಬೀದಿ ಕಾಣುತ್ತಿರಲಿಲ್ಲ. ಹೀಗೇ ಆದರೆ ಅಂಗಡಿ ಮುಚ್ಚಿ, ಕಾರ್ಖಾನೆಯಲ್ಲಿ ಗುಂಡಿ ಹೊಲಿಯಲು ಹೋಗಬೇಕಿತ್ತು.

ಎರಡು ವಾರ ಕಾದು ನೋಡಿದ್ದಾಗಿ ಹುಡುಗಿ ಹೇಳಿದಳು. ನಿಲ್ಲುತ್ತಿದ್ದುದು ಒಂದೇ ಕಾರು. ಗಂಟೆಯಾಗುತ್ತಲೇ ಹೊರತೆಗೆದು, ಮರುಕ್ಷಣ ಅಲ್ಲೇ ನಿಲ್ಲಿಸುತ್ತಿದ್ದರು. ಊರುಗೋಲು ಹಿಡಿದು ನಡೆಯುವ ಗಿರಾಕಿ ಮೇಷ್ಟ್ರೊಬ್ಬರು ನಿನ್ನೆ ಮಗಳ ಗಾಡಿಯಲ್ಲಿ ಮೂರು ಸುತ್ತು ಹಾಕಿ, ಕೋಟಿನ ಅಳತೆ ಕೊಡದೆಯೇ ಹಿಂತಿರುಗಿದ್ದರು.

"ಗಂಟೆಗೊಮ್ಮೆ ತೆಗೆದ್ರೆ ತಪ್ಪೇನೇ?" ಎಂದಳು ದರ್ಜಿಯ ಹೆಂಡತಿ.

"ತಪ್ಪೇ ಅತ್ತೆ. ತೆಗೆದ ಗಾಡಿ ಎರಡು ಗಂಟೆ ಈ ಬೀದಿಗೆ ಬರೋ ಹಾಗಿಲ್ಲ. ಜಾಗ ಇರೋದು ಬಂದು ಹೋಗೋರಿಗೆ, ಹಿಡಿದಿಡೋಕಲ್ಲ."

ದರ್ಜಿ ಸಿಡುಕಿದ. "ಯಾರಮ್ಮಾ ಅದು? ದಂಡ ಹಾಕಿ ಬುದ್ಧಿ ಕಲಿಸು."

"ಕಾರು ಅತ್ತೆಯದು, ಮಾವ."

ದರ್ಜಿ ಹೆಂಡತಿಯತ್ತ ತಿರುಗಿದ.

"ನಿಮ್ಮ ಗಿರಾಕಿಗೆ ಅಂತಲೇ ಹಿಡಿದಿಟ್ಟೆ ಕಣ್ರೀ," ಎಂದಳು ಹೆಂಡತಿ, ಮೆಲ್ಲಗೆ. "ಪಕ್ಕದ ಬೇಕರಿಗೆ ಬಂದೋರು ನಿಲ್ಲಿಸ್ಬಿಡ್ತಾರೆ. ಯಾರಾದ್ರೂ ನಿಮ್ಮನ್ನ ಕೇಳ್ಕೊಂಡು ಬಂದ್ರೆ ತೆಗೆಯೋಣ ಅಂತಿದ್ದೆ."

"ಹಿಂದಿನ ಮೈದಾನದಲ್ಲಿ ನಿಲ್ಲಿಸ್ತೀಯ ಅಂದ್ಕೊಂಡಿದ್ದೆ. ತುಂಬಿರೋ ಜಾಗ ನೋಡಿದ ಮೇಲೆ ಇಳಿದು ಕೇಳೋರು ಯಾರು ಮಹಾರಾಯ್ತಿ?" ದರ್ಜಿಗೆ ಸಿಟ್ಟಿಗಿಂತ ನಗುವೇ ಮೊದಲು ಬಂತು. ದಂಡದ ಚೀಟಿಗೆ ತಾನೇ ಕೈಚಾಚಿದ. ಹುಡುಗಿ ಮುಲಾಜಿಲ್ಲದೆ ಹರಿದು ಕೊಟ್ಟಳು.

ಮುಂದಿನ ಶನಿವಾರ ಕಾರು ಮೈದಾನದಲ್ಲಿತ್ತು. ಮಧ್ಯಾಹ್ನದೊಳಗೆ ಅಂಗಡಿಯೆದುರು ಐದು ಗಾಡಿಗಳು ಬಂದು ಹೋದವು. ದರ್ಜಿಗೆ ಊಟಕ್ಕೂ ಪುರುಸೊತ್ತಾಗಲಿಲ್ಲ. ಕಾರ್ಖಾನೆಯ ಮಾತು ಮತ್ತೆ ಏಳಲಿಲ್ಲ.

ಅಂಗಡಿಯವರೇ, ವಾರಾಂತ್ಯದಲ್ಲಿ ನಿಮ್ಮ ಗಾಡಿ ದೂರದಲ್ಲಿರಲಿ. ಕೊಳ್ಳಲು ಬಂದವರೇ, ಗಂಟೆಯೊಳಗೆ ಜಾಗ ಬಿಡಿ. ನಿಮ್ಮ ಬೀದಿಯಲ್ಲೂ ಯಾರೋ ಜಾಗ ಕದಿಯುತ್ತಿದ್ದಾರೆ ಎನಿಸಿದರೆ, ದೂರು ಕೊಡುವ ಮುನ್ನ ಮನೆಯವರನ್ನೊಮ್ಮೆ ಕೇಳಿ ನೋಡಿ.