ದಾರದ ತುದಿ

ನಲ್ಲಿಯ ಕೆಳಗೆ ನೊರೆ ಜಾರುತ್ತಿದೆ, ಬೆರಳ ಸಂದಿಯಿಂದ ಸಂದಿಗೆ, ಸೋಪು ಕೆಮ್ಮಿನ ಔಷಧಿಯ ಹಾಗೆ ಗುಲಾಬಿ, ಮೊದಲು ಅಂಗೈ, ಆಮೇಲೆ ಹಿಂಗೈ, ಆಮೇಲೆ ಉಗುರಿನ ಬುಡ, ಮೊದಲ ವರ್ಷ ಕಲಿಸಿದ ಕ್ರಮ ಈಗ ಕೈಗೆ ತಾನಾಗಿ ಬರುತ್ತದೆ, ತಲೆ ಬೇಕಾಗಿಲ್ಲ, ತಲೆ ಎಲ್ಲಾದರೂ ಇರಲಿ — ಅಷ್ಟರಲ್ಲಿ ಅವಳ ಹೆಬ್ಬೆರಳೂ ತೋರುಬೆರಳೂ ಯಾರೂ ಹೇಳದೆ ಒಂದನ್ನೊಂದು ಮುಟ್ಟಿ ನಿಂತವು, ತೀರಾ ಸಣ್ಣದೇನನ್ನೋ ಹಿಡಿದ ಹಾಗೆ. ಎಡಗೈಯಲ್ಲೂ ಹಾಗೇ. ಕೈ ಕೊಡವಿದಳು. ಈ ಹಿಡಿತ ಅವಳದಲ್ಲ, ಮಧ್ಯಾಹ್ನ ಭುಜನೋವು ಅಂತ ಬಂದಿದ್ದ ಆ ಮುದುಕ ದರ್ಜಿಯದು, ಎರಡು ಬೆರಳಲ್ಲಿ ಇಲ್ಲದ ಸೂಜಿ, ಇನ್ನೆರಡು ಬೆರಳಲ್ಲಿ ಇಲ್ಲದ ದಾರ, ಹೀಗೆ ಅಮ್ಮಾ ಹೀಗೆ ಅಂತ ಗಾಳಿಯಲ್ಲೇ ಪೋಣಿಸಿ ತೋರಿಸಿದ್ದ, ಮತ್ತೆ ಎರಡೂ ಕೈಯ ಬೆರಳ ತುದಿಗಳು ಹತ್ತಿರ ಬಂದು ಬಂದು, ಸೇರದೆ, ಪಕ್ಕದಲ್ಲೇ ಹಾದುಹೋಗಿದ್ದವು. ಸಾಕು. ಪಾಸಾಗಿದೆ. ಪಾಸಾದವಳು ಹೀಗೆ ಬೇಸಿನ್ನಿನ ಮುಂದೆ ದೆವ್ವ ಕಂಡವಳ ಹಾಗೆ ನಿಲ್ಲುತ್ತಾಳೆಯೇ, ಒಂದು ಸಲ ಆಸ್ಪತ್ರೆಯ ತರಬೇತಿಯ ಇದೇ ಪೋಸ್ಟಿಂಗ್‌ನಲ್ಲಿ ಫೇಲಾಗಿ ಅಳುತ್ತಾ ಇದೇ ಕನ್ನಡಿ ನೋಡಿದ್ದಳು, ಆಗ ಮುಖ ಎಷ್ಟೋ ವಾಸಿಯಿತ್ತು.

ಫೇಲಾಗಿದ್ದು ಮಾತು ಹೆಚ್ಚಾಗಿ. ಅವಳು ಓದುತ್ತಿರುವುದು ಫಿಸಿಶಿಯನ್ ಅಸಿಸ್ಟೆಂಟ್ ಅನ್ನುವ ಕೋರ್ಸು, ಅದೇನೇ ಅದು ಅಂತ ದೊಡ್ಡಮ್ಮ ಕೇಳಿದಾಗ ಎಷ್ಟು ಬಿಡಿಸಿ ಹೇಳಿದರೂ ಕೊನೆಗೆ ದೊಡ್ಡಮ್ಮ ತಾನೇ ತೀರ್ಮಾನಿಸಿಬಿಟ್ಟಿದ್ದರು, ಸರಿ ಬಿಡು, ಡಾಕ್ಟರೂ ಅಲ್ಲ ನರ್ಸೂ ಅಲ್ಲ ಮಧ್ಯದ್ದೇನೋ, ಓದು ಮಾತ್ರ ಇಬ್ಬರದ್ದೂ. ಆ ಮಧ್ಯದ ಕೆಲಸವೇನೆಂದರೆ ರೋಗಿಯ ಹತ್ತಿರ ಮೊದಲು ಕೂರುವುದು, ಕೇಳುವುದು, ಮುಟ್ಟಿ ನೋಡುವುದು, ಆಮೇಲೆ ಪಕ್ಕದ ಕೋಣೆಗೆ ಹೋಗಿ ಡಾಕ್ಟರ ಮುಂದೆ ನಿಂತು ಅದನ್ನೆಲ್ಲ ಹಿಂಡಿ ಒಂದು ಉಸಿರಿನಲ್ಲಿ ಒಪ್ಪಿಸುವುದು. ಡಾಕ್ಟರಿಗೆ ಕ್ಲಾಸಿನವರಿಟ್ಟ ಹೆಸರು ಕತ್ತರಿ. ಮಾತು ಉದ್ದವಾದರೆ ಎರಡು ಬೆರಳೆತ್ತಿ ಗಾಳಿಯಲ್ಲಿ ಕಚಕ್ ಅನ್ನಿಸುತ್ತಾರೆ, ಅಲ್ಲಿಗೆ ಮುಗಿಯಿತು, ಬಾಯಲ್ಲಿದ್ದ ಪದ ನುಂಗಿಕೊಳ್ಳಬೇಕು. ಕಥೆ ಬೇಡಮ್ಮಾ, ಕಾಯಿಲೆ ಹೇಳು. ಹೋದ ಸಲ ಅವಳು ರೋಗಿಗಳ ಮೊಮ್ಮಕ್ಕಳು, ಜಗಳ, ಬಾಡಿಗೆ ಮನೆಯ ಮೆಟ್ಟಿಲು, ಎಲ್ಲ ಹೇಳುತ್ತಿದ್ದಳು, ಅವಳೊಂದಿಗೆ ಪೋಸ್ಟಿಂಗ್ ಮಾಡುತ್ತಿದ್ದ ಉದ್ದಣ್ಣ ಬಾಗಿಲಾಚೆ ನಿಂತು ನಗುತ್ತಿದ್ದ, ಧಾರಾವಾಹಿ ಶುರುವಾಯ್ತಪ್ಪಾ, ಚಾನೆಲ್ ಬದಲಾಯಿಸ್ರೋ. ಇನ್ನೊಂದು ಸಲ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ಅದಕ್ಕೇ ಕಲಿತಳು. ಬಸ್ಸಿನಲ್ಲಿ ಕಲಿತಳು, ಹಾಸ್ಟೆಲಿನ ಬಟ್ಟೆ ಒಣಗುವ ತಂತಿಯ ಕೆಳಗೆ ಕಲಿತಳು, ಒಬ್ಬ ಮನುಷ್ಯ ಹೇಳಿದ್ದರಲ್ಲಿ ಯಾವುದು ಬೇಕು ಯಾವುದು ಬೇಡ ಅಂತ ಆತ ಹೇಳುತ್ತಿರುವಾಗಲೇ ಆರಿಸಿ ಎಸೆಯುವುದನ್ನು ಕಲಿತಳು, ಎಷ್ಟು ಕಲಿತಳೆಂದರೆ ಒಂದು ದಿನ ದೊಡ್ಡಮ್ಮ ಫೋನಿನಲ್ಲಿ ಪಕ್ಕದ ಮನೆಯವರ ನಾಯಿಯಿಂದ ಶುರುಮಾಡಿ ತಮ್ಮ ಮಂಡಿನೋವಿನ ಕಡೆಗೆ ನಿಧಾನವಾಗಿ ಬರುತ್ತಿರುವಾಗ ಅವಳ ಬಾಯಿಂದಲೇ ಬಂತು, ದೊಡ್ಡಮ್ಮಾ, ವಿಷಯಕ್ಕೆ ಬನ್ನಿ. ಯಾಕೇ, ನಾನೇನು ನಿನ್ನ ಪೇಷಂಟಾ? ಇಬ್ಬರೂ ನಕ್ಕಿದ್ದರು. ಆಮೇಲೆ ನಾಯಿಯ ವಿಷಯ ಮತ್ತೆ ಬರಲಿಲ್ಲ, ಮಂಡಿಯ ವಿಷಯವೂ.

ಇವತ್ತು ಪೋಸ್ಟಿಂಗಿನ ಕೊನೆಯ ದಿನ, ದರ್ಜಿ ಕೊನೆಯ ಕೇಸು. ಬಲಭುಜ, ಕತ್ತರಿ ಹಿಡಿದು ಹಿಡಿದು ಬಂದ ನೋವು, ಕೈ ಮೇಲೆತ್ತಿಸಿದಳು, ಹಿಂದಕ್ಕೆ ತಿರುಗಿಸಿದಳು, ಬಿಪಿ ಸ್ವಲ್ಪ ಹೆಚ್ಚು, ಬೀಡಿ ಸೇದುತ್ತೀರಾ, ಬಿಟ್ಟೆನಮ್ಮಾ, ಯಾವಾಗ, ಮೊನ್ನೆ — ಇಬ್ಬರೂ ನಕ್ಕರು. ಎಲ್ಲ ಕೇಳಿದ್ದಾಗಿತ್ತು. ಎದ್ದು ಬಾಗಿಲ ಹಿಡಿಯ ಮೇಲೆ ಕೈಯಿಟ್ಟಿದ್ದಳು, ಒಪ್ಪಿಸಬೇಕಾದ ವಾಕ್ಯ ಬಾಯಲ್ಲಿ ಸಿದ್ಧವಾಗಿತ್ತು, ನುಣ್ಣಗೆ, ಬಟಾಣಿಯ ಹಾಗೆ, ಆಗ ಬೆನ್ನ ಹಿಂದಿನಿಂದ, ಏನಿಲ್ಲಮ್ಮಾ, ಹೇಳೋವಂಥದ್ದೇನಲ್ಲ, ಬೆಳಿಗ್ಗೆ ಸೂಜಿಗೆ ದಾರ ಪೋಣಿಸ್ತಾ ಇದ್ದೆ, ದಾರದ ತುದೀನೇ ಮಾಯ, ಹೀಗ್ ಹೋದ್ರೂ ಇಲ್ಲ ಹಾಗ್ ಹೋದ್ರೂ ಇಲ್ಲ, ಒಂದು ಕಣ್ಣಿಗೆ ಯಾರೋ ಮೇಲಿಂದ ಬಟ್ಟೆ ಇಳಿಬಿಟ್ಟ ಹಾಗೆ, ಟೀ ಕುಡ್ಕೊಂಡು ಬಂದೆ, ಸರಿಹೋಗಿತ್ತು, ಸೊಸೆ ನಗ್ತಾಳೆ, ಮಾವ, ನಿಮ್ಮ ಸೂಜಿಗೂ ವಯಸ್ಸಾಯ್ತು ಅಂತಾಳೆ. ಅವಳು ತಿರುಗಿ ನೋಡಿದಳು. ಬೆರಳುಗಳು ಗಾಳಿಯಲ್ಲಿ. ಹತ್ತಿರ, ಇನ್ನೂ ಹತ್ತಿರ, ಪಕ್ಕದಲ್ಲೇ ದಾಟಿದವು. ಅವಳು ಅಂದದ್ದು ಇಷ್ಟು: ಕನ್ನಡಕ ಬದಲಾಯಿಸ್ಕೊಳ್ಳಿ ಅಜ್ಜಾ. ಬಾಗಿಲು ತೆರೆದಳು. ಭುಜಕ್ಕೂ ಕಣ್ಣಿಗೂ ಏನು ಸಂಬಂಧ, ಸೊಸೆ, ಟೀ, ಸೂಜಿಯ ವಯಸ್ಸು, ಇದನ್ನೆಲ್ಲ ಹೇಳಹೊರಟರೆ ಎರಡು ಬೆರಳು ಮೇಲೇಳುತ್ತವೆ, ಕಚಕ್. ಹಿಂಡಿ ಒಪ್ಪಿಸಿದಳು. ಡಾಕ್ಟರು ಬಂದು ಭುಜ ಒತ್ತಿ ನೋಡಿ ಮಾತ್ರೆ ಬರೆದು ಕಳಿಸಿದರು, ಅವಳ ಪೋಸ್ಟಿಂಗ್ ಪುಸ್ತಕಕ್ಕೆ ಪಾಸಿನ ಸಹಿ ಹಾಕಿ, ಅವಳ ಕಡೆ ತಿರುಗಿ ಮೊದಲ ಬಾರಿಗೆ ನಕ್ಕರು. ಇವತ್ತು ಚೆನ್ನಾಗಿತ್ತು, ಒಂದು ಪದ ಹೆಚ್ಚಿಲ್ಲ. ಆ ನಗುವಿನ ಬಿಸುಪು ಸಂಜೆಯವರೆಗೆ ಇತ್ತು, ಈ ನಲ್ಲಿಯ ತನಕ.

ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಲಿಲ್ಲ, ಕೈ ಜೇಬಿನಲ್ಲೇ ಇರಲಿ, ಬೆರಳು ಮತ್ತೆ ಸೇರಿಕೊಂಡಾವು. ಪರದೆ ಇಳಿದ ಹಾಗೆ. ಪುಸ್ತಕದಲ್ಲಿ ಇರುವುದು ಪರದೆ. ಒಂದು ಕಣ್ಣಿಗೆ ಮೇಲಿನಿಂದ ಪರದೆ ಇಳಿದ ಹಾಗೆ ಕತ್ತಲಾಗಿ ಸ್ವಲ್ಪ ಹೊತ್ತಿನಲ್ಲಿ ತಾನೇ ಸರಿಹೋದರೆ ಅದೇನು, ಮೊದಲ ವರ್ಷದ ಪರೀಕ್ಷೆಯಲ್ಲಿ ಬಂದಿತ್ತು, ಸರಿಯಾಗಿಯೇ ಬರೆದಿದ್ದಳು, ಕತ್ತಿನ ರಕ್ತನಾಳದಿಂದ ಹೆಪ್ಪಿನ ಚೂರು ಕಣ್ಣಿಗೆ ಹೋಗಿ ಕರಗಿದ್ದು, ಮುಂದಿನ ಚೂರು ಮೆದುಳಿಗೆ ಹೋಗಬಹುದು, ಇವತ್ತೇ, ನಾಳೆಯೇ, ಕೂಡಲೇ ದಾಖಲು ಮಾಡಬೇಕು. ಪರದೆ ಅಂದಿದ್ದರೆ ಗೊತ್ತಾಗುತ್ತಿತ್ತು. ಆತ ದರ್ಜಿ, ಆತನಿಗೆ ಅದು ಬಟ್ಟೆ. ಇಲ್ಲ, ಸುಳ್ಳು, ಬಟ್ಟೆ ಅಂದಾಗಲೂ ಎಲ್ಲೋ ಒಳಗೆ ಏನೋ ಚುಚ್ಚಿತ್ತು, ಅದಕ್ಕೇ ತಿರುಗಿ ನೋಡಿದ್ದು, ಚುಚ್ಚಿದ್ದನ್ನೂ ಸೇರಿಸಿಯೇ ಕತ್ತರಿಸಿದಳು. ಬಸ್ ಸ್ಟಾಪಿನಲ್ಲಿ ಒಬ್ಬ ಹೆಂಗಸು ಮಗುವಿನ ಅಂಗಿಯ ಗುಂಡಿ ಹಾಕುತ್ತಿದ್ದಾಳೆ, ಹೆಬ್ಬೆರಳು, ತೋರುಬೆರಳು. ಒಬ್ಬ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದಾನೆ, ಹೆಬ್ಬೆರಳು, ತೋರುಬೆರಳು. ಊರಿಗೆ ಊರೇ ಏನನ್ನೋ ಪೋಣಿಸುತ್ತಿದೆ, ಎಲ್ಲರದ್ದೂ ಸೇರುತ್ತಿದೆ. ಆಗ ಜೇಬಿನಲ್ಲಿ ಫೋನು ನಡುಗಿತು, ದೊಡ್ಡಮ್ಮ. ಪಾಸಾ ಫೇಲಾ, ಅಷ್ಟು ಹೇಳು ಸಾಕು, ನೋಡು, ನೆಟ್ಟಗೆ ವಿಷಯಕ್ಕೇ ಬಂದಿದ್ದೀನಿ. ಪಾಸು ದೊಡ್ಡಮ್ಮಾ. ನನ್ನ ಬಂಗಾರ. ಸರಿ, ಇಡ್ಲಾ? ನಿಮಗೆ ಹೇಗಿದೆ ದೊಡ್ಡಮ್ಮಾ? ನಂಗೇನೇ, ಚೆನ್ನಾಗಿದ್ದೀನಿ, ಇಡ್ತೀನಿ. ಇಡುವ ಮುಂಚೆ ಒಂದು ಉಸಿರಿತ್ತು, ಏನನ್ನೋ ಹೇಳಲು ಒಳಗೆಳೆದುಕೊಂಡ ಉಸಿರು, ಅದು ಮಾತಾಗದೆ ಹಾಗೇ ಹೊರಗೆ ಹೋಯಿತು. ದೊಡ್ಡಮ್ಮನೂ ಕಲಿತುಬಿಟ್ಟಿದ್ದಾರೆ. ಬಸ್ಸು ಬಂತು, ಬಾಗಿಲು ತೆರೆಯಿತು, ಹತ್ತಮ್ಮಾ ಹತ್ತು ಅಂತ ಕಂಡಕ್ಟರು, ಹತ್ತಲ್ವಾ, ಮತ್ಯಾಕೆ ಅಡ್ಡ ನಿಂತಿದ್ದೀಯಾ ತಾಯೀ — ಅವಳು ಆಗಲೇ ತಿರುಗಿ ಓಡುತ್ತಿದ್ದಳು.

ಡಾಕ್ಟರು ಕೋಟು ಕಳಚಿ ಗೂಟಕ್ಕೆ ಹಾಕುತ್ತಿದ್ದರು. ಏನಮ್ಮಾ, ಏನಾದ್ರೂ ಬಿಟ್ಟು ಹೋದ್ಯಾ? ಹೂಂ ಸರ್, ಮಧ್ಯಾಹ್ನದ ಕೇಸಲ್ಲಿ ಒಂದು ಮಾತು ಬಿಟ್ಟೆ. ಮರೆತ್ಯಾ? ಆ ಪ್ರಶ್ನೆ ಎಷ್ಟು ಮೃದುವಾಗಿತ್ತು, ಕುರ್ಚಿ ಎಳೆದು ಕೊಟ್ಟ ಹಾಗೆ, ಹೂಂ ಅಂದರೆ ಸಾಕು, ಮರೆವಿಗೆ ಬೈಗುಳ ಮಾತ್ರ, ಗೊತ್ತಿದ್ದೂ ಬಿಟ್ಟವರಿಗೆ ಏನಾಗುತ್ತದೆಂದು ಮೊದಲ ದಿನವೇ ಓದಿ ಹೇಳಿದ್ದರು, ಹೂಂ ಅನ್ನು, ಮರೆತೆ ಅನ್ನು, ದರ್ಜಿಗೆ ಎರಡೂ ಒಂದೇ. ಇಲ್ಲ ಸರ್. ಗೊತ್ತಿತ್ತು, ಬೇಡ ಅಂತ ಬಿಟ್ಟೆ. ಹೇಳತೊಡಗಿದಳು, ಸೂಜಿಯಿಂದಲೇ ಶುರುಮಾಡಿದಳು, ದಾರದ ತುದಿ, ಬಟ್ಟೆ, ಟೀ, ಸೊಸೆ, ಡಾಕ್ಟರ ಬಲಗೈ ಅಭ್ಯಾಸಬಲದಿಂದ ಮೇಲೆದ್ದಿತು, ಎರಡು ಬೆರಳು ತೆರೆದವು, ತೆರೆದೇ ಉಳಿದವು. ಯಾವ ಕಣ್ಣು? ಕೇಳಲಿಲ್ಲ ಸರ್. ಅವರು ಒಂದು ಕ್ಷಣ ಅವಳನ್ನೇ ನೋಡಿದರು, ಸಿಟ್ಟಲ್ಲ, ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಇದರ ಬಗ್ಗೆ ನಾಳೆ ಮಾತಾಡೋಣ, ಸಹಿ ವಾಪಸ್ ತಗೊಳ್ಬೇಕಾಗುತ್ತೆ, ಗೊತ್ತಲ್ಲ? ಗೊತ್ತು ಸರ್. ಈಗ ಫೋನ್ ಮಾಡು, ನೀನೇ ಮಾಡು, ನಂಗೆ ಆ ಮನುಷ್ಯನ ಮುಖಾನೂ ನೆನಪಿಲ್ಲ.

ಹೊರಗಿನ ಕೌಂಟರಿನಿಂದ ವಿಳಾಸವೂ ನಂಬರೂ ಇದ್ದ ಚೀಟಿ ತಂದು ನಂಬರು ಒತ್ತಿದಳು. ರಿಂಗಾಗುತ್ತಿದೆ, ಎತ್ತಿ, ಯಾರಾದರೂ ಎತ್ತಿ, ಎತ್ತಿದರೆ ಕೋರ್ಸು ಹೋಗಲಿ, ಇಷ್ಟು ವರ್ಷ ಹೋಗಲಿ, ಹಲೋ, ಹೆಂಗಸಿನ ದನಿ, ಹಿಂದೆ ಹೊಲಿಗೆ ಮಿಷನ್ನಿನ ಸದ್ದಿಲ್ಲ. ಆಸ್ಪತ್ರೆಯಿಂದಮ್ಮಾ, ಮಧ್ಯಾಹ್ನ ಬಂದಿದ್ರಲ್ಲ ನಿಮ್ಮ ಮಾವ, ಈಗಲೇ ಕರ್ಕೊಂಡು ಬರ್ಬೇಕು, ಈಗಲೇ, ಹೇಗಿದ್ದಾರೆ? ಅಯ್ಯೋ, ಚೆನ್ನಾಗೇ ಇದ್ದಾರೆ, ಇಲ್ಲೇ ಮಿಷನ್ ಮುಂದೆ ಕೂತಿದ್ದಾರೆ, ಯಾಕೆ? ಅವರಿಗೆ ಫೋನ್ ಕೊಡಿ. ಮಾವಾ, ಆಸ್ಪತ್ರೆಯವ್ರು. ಮಾವಾ. ಕೇಳಿಸ್ತಾ? ಒಂದ್ನಿಮಿಷ ಮೇಡಂ, ಏನೋ ಪೋಣಿಸ್ತಾ ಕೂತಿದ್ದಾರೆ, ಆಗಿಂದ ಅದೇ, ತಲೆ ಎತ್ತಿಲ್ಲ, ಮಾವಾ ಆಮೇಲೆ ಮಾಡಿ ಅದನ್ನ, ಮಾವ, ನನ್ನ ಕಡೆ ನೋಡಿ — ಮೇಡಂ, ಇವ್ರ ಕೈಲಿ ಸೂಜೀನೂ ಇಲ್ಲ ದಾರಾನೂ ಇಲ್ಲ. ಡಾಕ್ಟರು ಇನ್ನೊಂದು ಫೋನಿನಲ್ಲಿ ಆಂಬುಲೆನ್ಸಿಗೆ ಕೂಗುತ್ತಿದ್ದಾರೆ, ವಿಳಾಸ, ವಿಳಾಸ ಹೇಳು ಅನ್ನುತ್ತಿದ್ದಾರೆ, ಹೇಳುತ್ತಾಳೆ, ಹೇಳಿದಳು, ಬೀದಿ, ಮನೆ, ಕೆಳಗಿನ ಅಂಗಡಿ, ಬಾಯಿ ತಾನೇ ಹೇಳಿತು, ಅವಳು ಅಲ್ಲಿಲ್ಲ, ಅವಳಿರುವುದು ಆ ಮಿಷನ್ನಿನ ಮುಂದೆ, ಆ ಬೆರಳುಗಳ ಎದುರಿಗೆ, ಹತ್ತಿರ ಬರುತ್ತಿವೆ, ಇನ್ನೂ ಹತ್ತಿರ, ಕೂದಲೆಳೆಯಷ್ಟು, ಪಕ್ಕದಲ್ಲೇ, ಪಕ್ಕದಲ್ಲೇ ಹಾದು, ಮತ್ತೆ ಹಿಂದಕ್ಕೆ, ಮತ್ತೆ ಹತ್ತಿರ